ಸಾಸಿವೆಯ ಸಿಟ್ಟಿಗೆ ಸಿಕ್ಕ ಮಾತು

ನನ್ನ ಮೊಮ್ಮಗಳು ಸಾಸಿವೆ ಶಿಶುವಿಹಾರದಲ್ಲಿ ನಾಲ್ಕನೇ ಮಗುವನ್ನು ಕಚ್ಚಿದ ದಿನ ಟೀಚರ್ ನಮ್ಮನ್ನು ಕರೆಸಿದರು. ನಾನೂ ನನ್ನ ಸೊಸೆಯೂ ಓಡಿದೆವು. ಕಚ್ಚಿಸಿಕೊಂಡ ಮಗು ಒಂದು ಮೂಲೆಯಲ್ಲಿ ತೋಳು ಹಿಡಿದುಕೊಂಡು ಅಳುತ್ತಿತ್ತು. ಕಚ್ಚಿದವಳು ಇನ್ನೊಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಅದಕ್ಕಿಂತ ಜೋರಾಗಿ ಅಳುತ್ತಿದ್ದಳು.

"ಎರಡೂವರೆ ವರ್ಷ ಆಗ್ತಾ ಬಂತು, ಒಂದು ಮಾತಿಲ್ಲ. ಬರೀ ಸಿಟ್ಟು," ಎಂದರು ಟೀಚರ್. "ಮೊದಲು ಕೈ ಎತ್ತಿ ಹೊಡೆಯೋಕೆ ಬರ್ತಾಳೆ. ಆಮೇಲೆ ಬಾಯಿ ಹಾಕ್ತಾಳೆ. ಬೇರೆ ಮಕ್ಕಳ ತಾಯಂದಿರು ನನ್ನ ಕೇಳ್ತಾರಲ್ಲ? ಇನ್ನೊಂದು ತಿಂಗಳು ನೋಡ್ತೀನಿ ಅಮ್ಮಾ. ಆಮೇಲೂ ಹೀಗೇ ಆದ್ರೆ ಇಲ್ಲಿ ಇಟ್ಕೊಳ್ಳೋಕೆ ಆಗಲ್ಲ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಮಕ್ಕಳು ಅಂದ್ಮೇಲೆ ಕಚ್ಚದೆ ಕೈ ಮುಗೀತಾವಾ?" ಎಂದು ಕೇಳಿಯೇಬಿಟ್ಟೆ. ಸೊಸೆ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಶಿಶುವಿಹಾರ ತಪ್ಪಿದರೆ ಅವಳ ಕೆಲಸವೂ ತಪ್ಪಿದಂತೆಯೇ. ಎರಡೂವರೆ ವರ್ಷದ ಮಗುವಿನ ಹಿಂದೆ ಓಡುವ ಮಂಡಿ ನನಗೆ ಉಳಿದಿಲ್ಲ.

ಈ ಕಥೆಯಲ್ಲಿ ಬುದ್ಧಿ ಹೇಳಿದವಳು ನಾನು ಅಂದುಕೊಳ್ಳಬೇಡಿ. ಬುದ್ಧಿ ಹೇಳಿದರೆ ಕೇಳದೆ ಕೂತವಳು ನಾನು. ಅದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದು ಹೇಳುವುದು ಸುಲಭ.

ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಮಗ್ಗ ನಡೆಸಿದವಳು ನಾನು. ಒಂದೇ ಕೋಣೆಯಲ್ಲಿ ಇನ್ನೂರು ಮಗ್ಗ ಬಡಿಯುವಾಗ, ಪಕ್ಕದವಳು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಅದಕ್ಕೇ ನಮ್ಮದೆಲ್ಲ ಕೈಸನ್ನೆ. ಬೆರಳು ಗಿರ್ರನೆ ತಿರುಗಿಸಿದರೆ ನೂಲು ಮುಗಿಯಿತು ಎಂದು ಅರ್ಥ. ಎರಡು ಬೆರಳು ತುಟಿಗೆ ಇಟ್ಟರೆ ಚಹಾ. ತಲೆ ತಟ್ಟಿಕೊಂಡರೆ ಮೇಸ್ತ್ರಿ ಬರುತ್ತಿದ್ದಾನೆ, ಹರಟೆ ಸಾಕು. ಅಂಗೈ ಎತ್ತಿ ಹಿಡಿದರೆ ಮಗ್ಗ ನಿಲ್ಲಿಸು. ತುಟಿ ಆಡುವುದನ್ನು ನೋಡಿಯೇ ಮಾತು ತಿಳಿಯುವುದೂ ನಮಗೆ ಬರುತ್ತದೆ. ಆ ಸದ್ದಿಗೆ ನನ್ನ ಕಿವಿ ಅರ್ಧ ಹೋಗಿದೆ. ಅರ್ಧಕ್ಕಿಂತ ಹೆಚ್ಚೇ ಹೋಗಿದೆ ಎಂದು ಮಗ ಹೇಳುತ್ತಾನೆ, ಅದು ನನಗೆ ಕೇಳಿಸುವುದಿಲ್ಲ.

ಮಗ ಅದೇ ಗಿರಣಿಯಲ್ಲಿ ಫಿಟ್ಟರ್. ಸೊಸೆ ನನ್ನ ಹಾಗೆಯೇ ಮಗ್ಗದವಳು. ಎಂಟು ಗಂಟೆ ಆ ಗದ್ದಲದಲ್ಲಿ ನಿಂತು ಬಂದವರಿಗೆ ಮನೆಯಲ್ಲಿ ಬಾಯಿ ತೆರೆಯಲೂ ಬೇಸರ. ಊಟಕ್ಕೆ ಕೂತರೆ ಉಪ್ಪಿಗೊಂದು ಸನ್ನೆ, ನೀರಿಗೊಂದು ಸನ್ನೆ, ಸಾಕು ಎನ್ನಲು ಇನ್ನೊಂದು ಸನ್ನೆ. ಕಿವುಡಿ ಮುದುಕಿ ಜೊತೆಗಿರುವ ಮನೆಗೆ ಅದೇ ಅನುಕೂಲ.

ಅಂಥ ಮನೆಯಲ್ಲಿ ಹುಟ್ಟಿದಳು ಸಾಸಿವೆ. ಹುಟ್ಟಿದಾಗ ಅಷ್ಟೇ ಅಷ್ಟಿದ್ದಳು. ಆದರೆ ಸ್ವಲ್ಪ ಬಿಸಿ ತಾಗಿದರೆ ಸಾಕು, ಚಟಪಟ ಸಿಡಿಯುತ್ತಿದ್ದಳು. ಅದಕ್ಕೇ ನಾನು ಇಟ್ಟ ಅಡ್ಡಹೆಸರು ಅದು. ಎರಡು ವರ್ಷ ತುಂಬುವಷ್ಟರಲ್ಲಿ ಗಿರಣಿಯ ಹನ್ನೊಂದು ಸನ್ನೆ ಕಲಿತಿದ್ದಳು. ಬಾಯಿಂದ ಬರುತ್ತಿದ್ದದ್ದು ಮಾತ್ರ "ಅಮ್ಮ", ಅದು ಬಿಟ್ಟರೆ "ಊಂ".

ನನಗೆ ಅದರದ್ದೇ ಹೆಮ್ಮೆ. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ, "ನಮ್ಮ ಮಗು ಬಾಯಿ ತೆರೆಯೋದೇ ಬೇಡ. ಅವಳ ಕಣ್ಣು ನೋಡಿದ್ರೆ ಸಾಕು, ಏನು ಬೇಕು ಅಂತ ನಂಗೆ ಗೊತ್ತಾಗುತ್ತೆ." ಹೆಮ್ಮೆಯಲ್ಲೂ ಕುರುಡು ಹೆಮ್ಮೆ ಎಂಬುದೊಂದು ಇದೆ ನೋಡಿ.

ಟೀಚರ್ ಕರೆಸಿದ ದಿನವೇ ಸಂಜೆ ನರ್ಸಮ್ಮ ಮನೆಗೆ ಬಂದಳು. ಬೀದಿಯ ಮಕ್ಕಳ ತೂಕ ನೋಡುವ, ಚುಚ್ಚುಮದ್ದಿನ ದಿನ ನೆನಪಿಸುವ ಆರೋಗ್ಯ ಕಾರ್ಯಕರ್ತೆ ಅವಳು. ಅವಳ ತಾಯಿ ನನ್ನ ಪಕ್ಕದ ಮಗ್ಗದವಳಾಗಿದ್ದಳು, ಹಾಗಾಗಿ ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. ಸೊಸೆಯೇ ಹೇಳಿ ಕಳಿಸಿದ್ದಾಳೆ ಎಂದು ನನಗೆ ಕೂಡಲೇ ಗೊತ್ತಾಯಿತು, ಏಕೆಂದರೆ ಸೊಸೆ ನನ್ನ ಮುಖ ನೋಡಲಿಲ್ಲ.

ನರ್ಸಮ್ಮ ಕುರ್ಚಿ ಬಿಟ್ಟು ನೆಲದ ಮೇಲೆ ಸಾಸಿವೆಯ ಎದುರು ಕೂತಳು. ಸುಮ್ಮನೆ ನೋಡುತ್ತಿದ್ದಳು. ಸಾಸಿವೆ ಕಪಾಟಿನ ಕಡೆ ತಲೆ ಎತ್ತಿದಳು. ನಾನು ಎದ್ದು ಗುಂಡಿಗಳ ಡಬ್ಬಿ ತೆಗೆದು ಕೊಟ್ಟೆ.

"ದೊಡ್ಡಮ್ಮ, ಅವಳಿನ್ನೂ ಕೇಳೇ ಇಲ್ಲ," ಎಂದಳು ನರ್ಸಮ್ಮ.

"ಕೇಳೋ ತನಕ ಯಾಕೆ ಕಾಯಿಸ್ಬೇಕು? ನಂಗೆ ಗೊತ್ತಲ್ಲ."

"ನಿಮಗೆ ಗೊತ್ತು. ಶಿಶುವಿಹಾರದಲ್ಲಿ ಯಾರಿಗೆ ಗೊತ್ತು?" ಅವಳು ನನಗೆ ತುಟಿ ಕಾಣುವ ಹಾಗೆ ತಿರುಗಿ ಕೂತಳು. "ಎರಡು ವರ್ಷಕ್ಕೆ ಮಗುವಿಗೆ ಸುಮಾರು ಐವತ್ತು ಮಾತು ಬರ್ಬೇಕು. 'ಹಾಲು ಬೇಕು', 'ಅಪ್ಪ ಬಂದ', ಹೀಗೆ ಎರಡೆರಡು ಸೇರಿಸ್ಬೇಕು. ಇವಳಿಗೆ ಒಂದೋ ಎರಡೋ ಬರುತ್ತೆ. ಮೊದಲು ಕಿವಿ ತೋರಿಸೋಣ. ಆಮೇಲೆ ದೊಡ್ಡಾಸ್ಪತ್ರೆಲಿ ಮಾತಿನ ತರಬೇತಿ ಕೊಡೋರು ಇದ್ದಾರೆ, ಅವರ ಹತ್ರ ಹೋಗೋಣ."

"ಕಿವಿ ಚೆನ್ನಾಗಿದೆ. ಬಾಗಿಲು ಬಡಿದ್ರೆ ತಿರುಗಿ ನೋಡ್ತಾಳೆ."

"ನೋಡ್ಬಹುದು ದೊಡ್ಡಮ್ಮ. ದೊಡ್ಡ ಸದ್ದು ಕೇಳಿ, ಸಣ್ಣ ಸದ್ದು ಕೇಳ್ದೆ ಇರೋ ಮಕ್ಕಳೂ ಇರ್ತಾರೆ. ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು."

"ತಾಳಿದವನು ಬಾಳಿಯಾನು ಅಂತಾರೆ," ಎಂದೆ ನಾನು. "ನನ್ನ ಮಗನೂ ನಾಲ್ಕು ವರ್ಷದ ತನಕ ಮಾತಾಡ್ಲಿಲ್ಲ. ಈಗೇನಾಗಿದೆ ಅವನಿಗೆ? ಕಲ್ಲುಗುಂಡಿನ ಹಾಗಿದ್ದಾನೆ. ಇವಳೂ ತಾನಾಗೇ ಮಾತಾಡ್ತಾಳೆ ಬಿಡು."

"ಮಗ್ಗದಲ್ಲಿ ಹಾಸಿನ ಎಳೆ ಒಂದು ತುಂಡಾದ್ರೆ ಏನ್ಮಾಡ್ತಿದ್ರಿ?"

"ಇದೇನು ಪ್ರಶ್ನೆ? ಮಗ್ಗ ನಿಲ್ಲಿಸಿ ಗಂಟು ಹಾಕ್ತಿದ್ವಿ."

"ಬಟ್ಟೆ ಪೂರ್ತಿ ನೇಯ್ದಾದ್ಮೇಲೆ ನೋಡೋಣ ಅಂತ ಕಾಯ್ತಿರ್ಲಿಲ್ವಾ?"

"ಮಗು ಬಟ್ಟೆ ಅಲ್ಲ," ಎಂದು ಮುಖ ತಿರುಗಿಸಿದೆ.

ಆಗ ಮಗ ಎದ್ದು ನನ್ನ ಮುಂದೆ ಬಂದು ಕೂತ. ಇಷ್ಟು ಹೊತ್ತೂ ಬಾಗಿಲ ಹತ್ತಿರ ಕೂತು ಉಗುರಿನ ಎಣ್ಣೆಕಪ್ಪು ತೆಗೆಯುತ್ತಿದ್ದವನು.

"ಅಮ್ಮಾ, ನಂಗೇನೂ ಆಗಿಲ್ಲ ಅಂತ ನಿಂಗೆ ಯಾರು ಹೇಳಿದ್ದು?"

ನಾನು ಅವನ ತುಟಿಯನ್ನೇ ನೋಡಿದೆ.

"ಶಾಲೆಲಿ ನನ್ನ 'ಮೂಗ' ಅಂತಿದ್ರು. ನೀರು ಕುಡಿಯೋಕೆ ಹೋಗ್ಲಾ ಅಂತ ಕೇಳೋಕೆ ಬರ್ದೆ ಬಾಯಾರ್ಕೊಂಡು ಕೂತಿರ್ತಿದ್ದೆ. ಅಣಕಿಸಿದವರಿಗೆ ಹೊಡೀತಿದ್ದೆ. ಹೊಡೆದೆ ಅಂತ ಮನೇಲಿ ನೀನು ನಂಗೆ ಹೊಡೀತಿದ್ದೆ. ಯಾಕೆ ಹೊಡೆದೆ ಅಂತ ನಿಂಗೆ ಹೇಳೋಕೂ ನಂಗೆ ಬರ್ತಿರ್ಲಿಲ್ಲ. ಈಗ್ಲೂ ನಾಲ್ಕು ಜನ ಇದ್ದ ಕಡೆ ನಾಲಿಗೆ ಕಟ್ಟುತ್ತೆ. ಹೋದ ವರ್ಷ ಮೇಸ್ತ್ರಿ ಕೆಲಸಕ್ಕೆ ಕರೆದ್ರಲ್ಲ, ಬೇಡ ಅಂದೆ. ಯಾಕೆ ಗೊತ್ತಾ? ದಿನಾ ಬೆಳಿಗ್ಗೆ ಹತ್ತು ಜನರ ಮುಂದೆ ನಿಂತು ಮಾತಾಡ್ಬೇಕು."

ನನ್ನ ಮಗ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಅವತ್ತೇ ನೋಡಿದ್ದು. ಇಷ್ಟು ವರ್ಷ ಅವನನ್ನು ನಾನು ಎಲ್ಲರ ಮುಂದೆ ಹೊಗಳಿದ್ದು ಏನೆಂದು? ಮಾತು ಕಮ್ಮಿ, ಬಂಗಾರದಂಥ ಹುಡುಗ ಎಂದು.

"ಯಾಕೋ ಹೇಳ್ಲಿಲ್ಲ?" ಎಂದೆ. ಕೇಳಿದ ಮೇಲೆ ಎಂಥ ದಡ್ಡ ಪ್ರಶ್ನೆ ಎಂದು ನನಗೇ ಅನ್ನಿಸಿತು.

ನರ್ಸಮ್ಮ ನನ್ನ ಕೈ ಹಿಡಿದುಕೊಂಡಳು. "ನಿಮ್ಮ ತಪ್ಪಲ್ಲ ದೊಡ್ಡಮ್ಮ. ಆಗ ನಿಮಗೆ ಹೇಳೋರು ಯಾರೂ ಇರ್ಲಿಲ್ಲ. ಈಗ ನಾನು ಹೇಳ್ತಿದೀನಲ್ಲ?"

"ಆದ್ರೆ ಇವಳ ಸಿಟ್ಟು? ಹುಟ್ಟುಗುಣ ಸುಟ್ಟರೂ ಹೋಗಲ್ಲ."

"ಹೋಗೋದು ಬೇಡ. ಕೆಲವು ಮಕ್ಕಳು ಹುಟ್ಟುತ್ತಲೇ ಬಿಸಿ. ಕೆಲವು ತಣ್ಣಗೆ. ಇನ್ನು ಕೆಲವು ಹೊಸಬರನ್ನ ಕಂಡ್ರೆ ಅಮ್ಮನ ಹಿಂದೆ ಅಡಗ್ತಾವೆ. ಅದು ಸ್ವಭಾವ, ತಪ್ಪಲ್ಲ. ಬಿಸಿ ಸ್ವಭಾವದ ಮಗುಗೆ ಮಾತೂ ಇಲ್ದಿದ್ರೆ ಅದಕ್ಕೆ ಎರಡು ಪಟ್ಟು ಕಷ್ಟ. ನಿಮಗೆ ಸಿಟ್ಟು ಬಂದ್ರೆ ನೀವೇನ್ಮಾಡ್ತೀರಿ?"

"ಬೈತೀನಿ."

"ಬೈಯೋಕೆ ಮಾತೇ ಬರ್ದಿದ್ರೆ?"

ಮನಸ್ಸಿನಲ್ಲೇ ಅಂದುಕೊಂಡೆ, ನಾನೂ ಕಚ್ಚುತ್ತಿದ್ದೆ.

ಆಸ್ಪತ್ರೆಯಲ್ಲಿ ನಮಗೆ ದಿನ ಸಿಕ್ಕಿದ್ದು ಒಂದು ವಾರದ ನಂತರ. ಅಲ್ಲಿಯವರೆಗೆ ಸುಮ್ಮನೆ ಕೂರಬೇಕಲ್ಲ? ನಾನು ಸುಮ್ಮನೆ ಕೂತವಳಲ್ಲ. ಈ ಸನ್ನೆಯೇ ಮಗುವನ್ನು ಕೆಡಿಸಿದ್ದು ಎಂದು ನಾನೇ ತೀರ್ಮಾನಿಸಿ, ಮನೆಯಲ್ಲಿ ಸನ್ನೆ ಬಂದ್ ಮಾಡಿಸಿದೆ. ಸಾಸಿವೆ ಹಾಲಿಗಾಗಿ ಎರಡು ಬೆರಳು ತುಟಿಗೆ ಇಟ್ಟರೆ, "ಹಾಲು ಅನ್ನು, ಕೊಡ್ತೀನಿ" ಎಂದು ಲೋಟ ಮೇಲೆ ಹಿಡಿದೆ. ಅವಳು ಅತ್ತಳು. ನಾನು ಬಿಡಲಿಲ್ಲ. ಲೋಟ ಹಾರಿತು, ಹಾಲು ಗೋಡೆಗೆ, ನನ್ನ ಮುಂಗೈ ಅವಳ ಬಾಯಿಗೆ. ಹಾಲುಹಲ್ಲು ಅಷ್ಟು ಚೂಪಾಗಿರುತ್ತದೆ ಎಂದು ನನಗೆ ಮರೆತೇ ಹೋಗಿತ್ತು.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವರು ಸಾಸಿವೆಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಸೊಸೆಗೆ ಹೇಳಿ, ಆ ಕಡೆ ಈ ಕಡೆ ಸಣ್ಣ ಸಣ್ಣ ಸದ್ದು ಮಾಡಿಸಿದರು. ಮಗು ಪ್ರತಿ ಸಲವೂ ಸರಿಯಾದ ಕಡೆಗೇ ತಿರುಗಿತು. "ಮಗುವಿನ ಕಿವಿ ಚೆನ್ನಾಗಿದೆ," ಎಂದರು. ಆಮೇಲೆ ನನ್ನ ಕಡೆ ನೋಡಿ ಏನೋ ಅಂದರು. "ಏನಂದ್ರು?" ಎಂದು ಸೊಸೆಯನ್ನು ಕೇಳಿದೆ. "ನಿಮ್ಮ ಕಿವೀನೂ ನೋಡೋಣ್ವಾ ಅಂತ ಕೇಳ್ತಿದಾರೆ ಅತ್ತೆ." ಆ ಕೋಣೆಯಲ್ಲಿ ನಗದೆ ಇದ್ದವಳು ನಾನೊಬ್ಬಳೇ.

ಪಕ್ಕದ ಕೋಣೆಯಲ್ಲಿ ಮಾತಿನ ಮೇಡಂ ಇದ್ದರು, ಸ್ಪೀಚ್ ಥೆರಪಿಸ್ಟ್ ಎನ್ನುತ್ತಾರಂತೆ. ನೆಲದ ತುಂಬ ಮರದ ತುಂಡುಗಳು. ಸಾಸಿವೆ ಗೋಪುರ ಕಟ್ಟುತ್ತಿದ್ದಳು. ಮೇಡಂ ಬೇಕೆಂದೇ ಒಂದು ತುಂಡಿಗೆ ಕೈ ಹಾಕಿದರು. ಸಾಸಿವೆ ತಟ್ಟನೆ ಅಂಗೈ ಎತ್ತಿದಳು.

"ನೋಡಿ, ಟೀಚರ್ ಹೇಳೋದು ಇದನ್ನೇ," ಎಂದಳು ಸೊಸೆ ತಲೆ ತಗ್ಗಿಸಿ. "ಹೊಡೆಯೋಕೆ ಕೈ ಎತ್ತುತಾಳೆ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಯ್ಯೋ, ನಿನ್ನ! ನೀನೂ ಮಗ್ಗದವಳಲ್ವಾ? ಹೊಡೆಯೋರು ಹೀಗೆ ಕೈ ಎತ್ತುತಾರಾ? ಅಂಗೈ ನೋಡು. ಅದು ಮಗ್ಗ ನಿಲ್ಲಿಸು ಅನ್ನೋ ಸನ್ನೆ!"

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ದಿನಕ್ಕೆ ನೂರು ಸಲ ತಾನೇ ಮಾಡುವ ಸನ್ನೆ ಅದು. ಗಿರಣಿಯಲ್ಲಿ ಮಾತ್ರ ಅದು ಸನ್ನೆ, ಶಿಶುವಿಹಾರದಲ್ಲಿ ಏಟು ಎಂದು ನಾವೆಲ್ಲ ನಂಬಿಬಿಟ್ಟಿದ್ದೆವು.

ಮೇಡಂ ಮೆಲ್ಲಗೆ ಹೇಳಿದರು, "ಹಾಗಾದ್ರೆ ಈ ಮಗು ಕಚ್ಚೋಕೆ ಮುಂಚೆ ಪ್ರತಿ ಸಲ 'ಬೇಡ, ನಿಲ್ಲಿಸು' ಅಂತ ಹೇಳ್ತಾನೇ ಇತ್ತು. ಅರ್ಥ ಮಾಡ್ಕೊಳ್ಳೋರು ಇರ್ಲಿಲ್ಲ."

ನನಗೆ ಕಣ್ಣು ತುಂಬಿ ಬಂತು, ಎದೆಯೂ ಉಬ್ಬಿತು. ನಾಲ್ಕು ಸಲವೂ ನನ್ನ ಮೊಮ್ಮಗಳು ಮೊದಲು ನ್ಯಾಯವಾಗಿ ಹೇಳಿದ್ದಳು. ಆಮೇಲೆ ಕಚ್ಚಿದ್ದಳು. ಕಚ್ಚಿದ್ದು ಸರಿ ಎನ್ನುತ್ತಿಲ್ಲ ನಾನು. ಆದರೆ ಹೇಳದೆ ಕಚ್ಚಿದವಳಲ್ಲ ಅವಳು.

ಸನ್ನೆ ಬಂದ್ ಮಾಡಿಸಿದ ಸಾಹಸವನ್ನೂ ಒಪ್ಪಿಕೊಂಡೆ. ಮುಂಗೈ ತೋರಿಸಿದೆ. ಮೇಡಂ ನಕ್ಕರು. "ಸನ್ನೆ ಬಿಡಿಸ್ಬೇಡಿ ಅಜ್ಜಿ. ಸನ್ನೆಯಿಂದ ಮಾತು ಕೆಡಲ್ಲ, ಮಾತಿಗೆ ಅದು ಮೆಟ್ಟಿಲು. ಪ್ರತಿ ಸನ್ನೆ ಜೊತೆ ಒಂದು ಮಾತು ಸೇರಿಸಿ, ಅಷ್ಟೇ. ಅವಳು ಬೆರಳು ತುಟಿಗೆ ಇಟ್ರೆ ನೀವು ಕೂತು, ಮುಖಕ್ಕೆ ಮುಖ ಕೊಟ್ಟು 'ಹಾಲು' ಅನ್ನಿ. ಆಮೇಲೆ ಹತ್ತು ಎಣಿಸಿ."

"ಹತ್ತಾದ್ಮೇಲೂ ಅನ್ನದೇ ಹೋದ್ರೆ?"

"ನೀವೇ ಇನ್ನೊಂದು ಸಲ 'ಹಾಲು' ಅಂದು ಕೊಟ್ಬಿಡಿ. ಹಾಲಿಗೆ ಷರತ್ತು ಹಾಕ್ಬೇಡಿ. ತಾಳೋದು ಅಂದ್ರೆ ಈ ಹತ್ತು ಎಣಿಸೋದು. ಎರಡು ವರ್ಷ ಸುಮ್ನೆ ಕಾಯೋದಲ್ಲ."

ಹತ್ತು ಎಣಿಸುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದವರಿಗೇ ಗೊತ್ತು. ಐದಕ್ಕೇ ನನ್ನ ಕೈ ಲೋಟದ ಕಡೆ ಹೋಗುತ್ತಿತ್ತು. ಸೊಸೆ ದೂರದಿಂದ ತಲೆ ತಟ್ಟಿಕೊಂಡು ತೋರಿಸುತ್ತಿದ್ದಳು, ಮೇಸ್ತ್ರಿ ನೋಡುತ್ತಿದ್ದಾನೆ, ಹುಷಾರು ಎಂದು. ಸಾಸಿವೆಯ ಅಂಗಿ ಹಾಕುವಾಗ "ಕೆಂಪಾ? ಹಳದಿನಾ?" ಎಂದು ಎರಡನ್ನೂ ತೋರಿಸಿ ಕೇಳುತ್ತಿದ್ದೆವು. ಆಯ್ಕೆ ತನ್ನದಾದ ಮೇಲೆ ಬೆಳಗಿನ ಜಗಳವೇ ಕಡಿಮೆಯಾಯಿತು. ಸಿಡಿದು ನೆಲಕ್ಕೆ ಬಿದ್ದಾಗ ಮೊದಲಿನ ಹಾಗೆ ಗದರಿಸಲಿಲ್ಲ. ಪಕ್ಕದಲ್ಲಿ ಕೂತು, "ಸಿಟ್ಟು ಬಂತು. ಗೋಪುರ ಬಿತ್ತು. ಸಿಟ್ಟು ಬಂತು" ಎಂದು ಸೊಸೆ ಮೆಲ್ಲಗೆ ಹೇಳುತ್ತಿದ್ದಳು. ತನಗೆ ಆಗುತ್ತಿರುವುದಕ್ಕೆ ಒಂದು ಹೆಸರಿದೆ ಎಂದು ಮಗುವಿಗೆ ತಿಳಿಯಲಿ ಎಂದು.

ಮಗನನ್ನು ನೋಡಬೇಕಿತ್ತು! ಕೆಲಸದಿಂದ ಬಂದವನೇ ಮೊಬೈಲ್ ಅಟ್ಟಕ್ಕೆ ಹಾಕಿ ಆಟದ ಬಸ್ಸು ಹಿಡಿದು ಮಗಳ ಎದುರು ಕೂರುತ್ತಿದ್ದ. "ಬಸ್ಸು ಬಂತು. ಬಸ್ಸು ಹೋಯ್ತು. ಬಸ್ಸು ಬಿತ್ತು." ಗಂಟೆಗಟ್ಟಲೆ. ನಲವತ್ತು ವರ್ಷದಲ್ಲಿ ಆಡದೆ ಉಳಿದದ್ದನ್ನೆಲ್ಲ ಆ ಬಸ್ಸಿಗೆ ತುಂಬಿಸುತ್ತಿದ್ದ.

ಮನೆಯಲ್ಲಿ ಮಾತ್ರ ಮಾಡಿದರೆ ಸಾಲದಲ್ಲ? ತಿಂಗಳು ಓಡುತ್ತಿತ್ತು. ನಾನೇ ಶಿಶುವಿಹಾರಕ್ಕೆ ಹೋದೆ. ಹಿಂದಿನ ಸಲ ನಾಲಿಗೆ ಹರಿಬಿಟ್ಟಿದ್ದಕ್ಕೆ ಕ್ಷಮೆ ಕೇಳಿದೆ. ಅಂಗೈಯ ಕಥೆ ಹೇಳಿದೆ. ಟೀಚರ್ ತಮ್ಮ ಅಂಗೈಯನ್ನೇ ನೋಡಿಕೊಂಡು, "ನಾನು ಅವಳನ್ನ ಮೂಲೇಲಿ ನಿಲ್ಲಿಸಿದ್ನಲ್ಲ ಅಮ್ಮಾ," ಎಂದರು. ಆಮೇಲೆ, "ಎಲ್ಲ ಮಕ್ಕಳಿಗೂ ಕಲಿಸಿಕೊಡ್ತೀರಾ?" ಎಂದು ಕೇಳಿದರು.

ನಾನು ಟೀಚರ್ ಆದೆ! ಹದಿನೆಂಟು ಮಕ್ಕಳು ಸುತ್ತ ಕೂತು, ಅಂಗೈ ಎತ್ತಿ, "ಬೇಡ!" ಎಂದು ಕೂಗಿದರು. ನನ್ನ ಕಿವಿಗೂ ಕೇಳಿಸಿತು ಅಂದರೆ ಯೋಚನೆ ಮಾಡಿ. ಸಾಸಿವೆ ಮಾತ್ರ ಬಾಯಿ ತೆರೆಯಲಿಲ್ಲ. ಕೈ ಎತ್ತಿ ಸುತ್ತ ನೋಡಿದಳು, ತನ್ನ ಸನ್ನೆ ಇವರಿಗೆಲ್ಲ ಹೇಗೆ ಬಂತು ಎಂಬ ಹಾಗೆ.

ತಿಂಗಳು ಮುಗಿಯಲು ಇನ್ನು ಮೂರು ದಿನ. ಮಧ್ಯಾಹ್ನ ಅವಳನ್ನು ಕರೆತರಲು ಹೋಗಿ ಕಿಟಕಿಯ ಗಾಜಿನ ಹೊರಗೆ ನಿಂತಿದ್ದೆ. ಸಾಸಿವೆ ಬಕೆಟ್ಟು ಹಿಡಿದು ಕೂತಿದ್ದಳು. ಅವತ್ತು ಅವಳಿಂದ ಕಚ್ಚಿಸಿಕೊಂಡು ತೋಳು ಹಿಡಿದು ಅತ್ತ ಅದೇ ಮಗು ಬಂದು ಬಕೆಟ್ಟು ಎಳೆಯಿತು. ಸಾಸಿವೆಯ ಮುಖ ಕೆಂಪಾಯಿತು. ಬಾಯಿ ತೆರೆದಳು. ಹಲ್ಲು ಕಾಣಿಸಿತು. ಟೀಚರ್ ಓಡಿ ಬರುತ್ತಿದ್ದರು.

ಅಂಗೈ ಮೇಲೆ ಹೋಯಿತು. ಎರಡು ತುಟಿ ಸೇರಿದವು, ಬಿಟ್ಟವು.

"ಬೇಡ."

ಗಾಜಿನ ಆಚೆಯಿಂದ ನನಗೆ ಏನೂ ಕೇಳಿಸಲಿಲ್ಲ. ಆದರೆ ಮೂವತ್ತೊಂದು ವರ್ಷ ತುಟಿ ಓದಿದವಳು ನಾನು, ಅಷ್ಟು ಚಂದದ ಮಾತನ್ನು ಯಾವ ತುಟಿಯ ಮೇಲೂ ಓದಿರಲಿಲ್ಲ. ಆ ಮಗು ಬಕೆಟ್ಟು ಬಿಟ್ಟಿತು. ಟೀಚರ್ ಅರ್ಧದಲ್ಲೇ ನಿಂತು ನನ್ನ ಕಡೆ ನೋಡಿದರು, ಅವರ ಕಣ್ಣಲ್ಲೂ ನೀರು. ನಾನು ಬೀದಿಯಲ್ಲೇ ಹೋ ಎಂದು ಅತ್ತೆ. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಯಾರೋ, "ಏನಾಯ್ತಮ್ಮಾ?" ಎಂದು ಗಾಬರಿಯಿಂದ ಕೇಳಿದರು. "ನನ್ನ ಮೊಮ್ಮಗಳು ಬೇಡ ಅಂದ್ಲು!" ಎಂದೆ. ಪಾಪ, ಅವರು ಸಮಾಧಾನ ಮಾಡಿ ಹೋದರು.

ಶಿಶುವಿಹಾರದಲ್ಲಿ ಸಾಸಿವೆಯ ಜಾಗ ಉಳಿಯಿತು. ಈಗ ಅವಳಿಗೆ ಮೂರು ವರ್ಷ. ನಲವತ್ತಾರು ಮಾತು ಬರುತ್ತವೆ. ತನ್ನ ವಯಸ್ಸಿನ ಮಕ್ಕಳಿಗಿಂತ ಇನ್ನೂ ಹಿಂದೆ ಇದ್ದಾಳೆ, ವಾರಕ್ಕೊಮ್ಮೆ ಮೇಡಂ ಹತ್ತಿರ ಹೋಗುತ್ತಾಳೆ. ಸಿಟ್ಟು ಹೋಗಿಲ್ಲ. ಮೊನ್ನೆ ನನಗೇ ಬೆರಳು ತೋರಿಸಿ "ಅಜ್ಜಿ, ಸಾಕು!" ಎಂದಳು. ಎರಡು ಮಾತು, ಒಟ್ಟಿಗೆ! ಬೈಸಿಕೊಂಡು ಇಷ್ಟು ಹೆಮ್ಮೆಪಟ್ಟ ಅಜ್ಜಿ ಈ ಬೀದಿಯಲ್ಲಿ ಇನ್ನೊಬ್ಬಳಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವ ಗಾದೆ ಮೂರು ವರ್ಷದವರಿಗೂ ಸಲ್ಲುತ್ತದೆ ಎಂದು ನನಗೆ ಅವಳು ಕಲಿಸಿದಳು.

ಇದನ್ನು ಓದುತ್ತಿರುವ ತಾಯಂದಿರೇ, ತಂದೆಯರೇ, ನನ್ನಂಥ ಹಠದ ಅಜ್ಜಿ ತಾತಂದಿರೇ, ನಿಮ್ಮ ಮನೆಯ ಮಗುವನ್ನು ಒಮ್ಮೆ ಗಮನಿಸಿ ನೋಡಿ. ಒಂದೂವರೆ ವರ್ಷವಾದರೂ ಒಂದು ಮಾತೂ ಬಾರದಿದ್ದರೆ, ಎರಡು ವರ್ಷವಾದರೂ ಎರಡು ಮಾತು ಸೇರಿಸದಿದ್ದರೆ, ಬಂದ ಮಾತೇ ನಿಂತುಹೋಗಿದ್ದರೆ, ಕಾಯಬೇಡಿ. ಕಿವಿ ಪರೀಕ್ಷೆ ಮಾಡಿಸಿ. ಮಾತಿನ ತರಬೇತಿಯವರಿಗೆ ತೋರಿಸಿ. ಸಿಟ್ಟಿನ ಮಗು ಕಚ್ಚಿಯಾದರೂ ಕಣ್ಣಿಗೆ ಬೀಳುತ್ತದೆ. ನಾಚಿಕೆಯ ಮಗು ಮೂಲೆಯಲ್ಲಿ ತೆಪ್ಪಗೆ ಕೂತಿರುತ್ತದೆ, ಎಷ್ಟು ಒಳ್ಳೆಯ ಮಗು ಎಂದು ಹೊಗಳಿ ನಾವು ಮರೆತುಬಿಡುತ್ತೇವೆ. ಅದನ್ನೂ ನೋಡಿ. ಹಠಮಾರಿ, ಮೂಗ, ಮೊಂಡು ಎಂದು ಹೆಸರಿಡುವ ಮೊದಲು, ಇದು ಏನು ಹೇಳಲು ನೋಡುತ್ತಿದೆ ಎಂದು ಕೇಳಿಕೊಳ್ಳಿ. ನಿಮ್ಮ ಬೀದಿಯ ಆರೋಗ್ಯ ಕಾರ್ಯಕರ್ತೆಯನ್ನು ಇವತ್ತೇ ಮನೆಗೆ ಕರೆಯಿರಿ.

ನನ್ನ ಮಗನ ಮಾತು ಕೇಳಲು ನಾನು ನಲವತ್ತು ವರ್ಷ ತಡ ಮಾಡಿದೆ. ನೀವು ನಾಳೆಯವರೆಗೂ ತಡ ಮಾಡಬೇಡಿ.